ಎಡಗಡೆ ಪೆಡಲಿಗೆ ಕಾಯಿ ನೀರು

ಸೈಕಲ್ಲಿನ ಎಡಗಡೆಯ ಪೆಡಲ್ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ. ಇದೇನು ಗುಟ್ಟಲ್ಲ. ತುಳಿಯುತ್ತ ತುಳಿಯುತ್ತ ಪೆಡಲ್ ತಾನೇ ಕಳಚಿಕೊಳ್ಳಬಾರದೆಂದು ಸೈಕಲ್ ಮಾಡಿದವರು ಎಡಗಡೆ ತಿರುಪನ್ನು ಉಲ್ಟಾ ಕೊರೆದಿದ್ದಾರೆ. ಬೇರೆ ಎಲ್ಲ ಬೋಲ್ಟು ಬಿಚ್ಚುವ ಕಡೆಗೆ ಇದು ಬಿಗಿಯುತ್ತದೆ, ಬಿಗಿಯುವ ಕಡೆಗೆ ಬಿಚ್ಚುತ್ತದೆ. ಇಷ್ಟು ಗೊತ್ತಿಲ್ಲದವರು ಬಸ್ ಸ್ಟ್ಯಾಂಡಿನ ಹಿಂದೆ ದೊಡ್ಡ ಬೋರ್ಡು ಹಾಕಿ ಗ್ಯಾರೇಜ್ ಇಟ್ಟುಕೊಳ್ಳುತ್ತಾರೆ, ಬೋಲ್ಟು ತಿರುಗಿಸುವ ಪಾನಾಕ್ಕೆ ಮಾರುದ್ದದ ಪೈಪು ತೊಡಿಸಿ ಜಗ್ಗುತ್ತಾರೆ. ಅವರ ಕೈಗೆ ಸಿಕ್ಕು ಬಂದ ಒಂದು ಸೈಕಲ್ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸಿಂದಗಿಯಲ್ಲಿ ನನ್ನದು ಅಪ್ಪನ ಕಾಲದ ಸೈಕಲ್ ಅಂಗಡಿ. ಈಗ ಸೈಕಲ್ ಕಡಿಮೆ, ಸಿಟ್ಟು ಜಾಸ್ತಿ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅಂಗಡಿಯಲ್ಲಿ ನಾನು ಜೀವ ಇಟ್ಟುಕೊಂಡಿರುವ ವಸ್ತು ಒಂದೇ: ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ವೈಸ್. ಕಬ್ಬಿಣದ ಎಂಥ ತುಂಡನ್ನಾದರೂ ದವಡೆಯಲ್ಲಿ ಕಚ್ಚಿ ಹಿಡಿಯುತ್ತದೆ. ಅದರ ಹೊಟ್ಟೆಯೊಳಗೆ ಉದ್ದನೆಯ ತಿರುಪಿನ ರಾಡು ಇದೆ, ಅಪ್ಪ ಅದಕ್ಕೆ ಒಂದು ಧೂಳಿನ ಕಣ ಕೂರಲು ಬಿಡುತ್ತಿರಲಿಲ್ಲ. ನಾನೂ ಬಿಟ್ಟಿಲ್ಲ. ಅದರ ಹಿಡಿಕೆಯನ್ನು ಬೇರೆಯವರು ಮುಟ್ಟಿದರೆ ನನ್ನ ಮುಖ ನೋಡಿಯೇ ಕೈ ತೆಗೆಯುತ್ತಾರೆ.

ಆ ಸೈಕಲ್ ಬಂದದ್ದು ಬೇಸಿಗೆಯಲ್ಲಿ, ಮೂರು ಗಾಲಿಯ ಒಂದು ಟಂಟಂ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ಹಳೆಯ ಲೇಡೀಸ್ ಸೈಕಲ್. ಇಳಿಸಿದವನು ನಡುವಯಸ್ಸಿನ ಗಂಡಸು, ಹಿಂದೆ ಅವನ ತಂಗಿ. ಆಕೆಯನ್ನು ನಾನು ದಿನಾ ರಸ್ತೆಯಲ್ಲಿ ನೋಡಿದ್ದೇನೆ. ಯಂಕಂಚಿ ಕಡೆಯಿಂದ ಕಡಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಇಲ್ಲಿನ ಖಾನಾವಳಿಗಳಿಗೆ ಕೊಟ್ಟು ಹೋಗುವ ಹೆಂಗಸು. ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸಣ್ಣದಾಗಿ ಗಿಡ್ಡ ಉಳಿದಿದೆ. ನೆಲದ ಮೇಲೆ ನಡೆದರೆ ಹೆಜ್ಜೆಹೆಜ್ಜೆಗೂ ಒಂದು ಕಡೆ ವಾಲುತ್ತಾಳೆ, ಸೈಕಲ್ ಹತ್ತಿದರೆ ನೆಟ್ಟಗೆ ಹೋಗುತ್ತಾಳೆ.

"ಮಿಸ್ತ್ರಿ, ಇದರ ಎಡಗಡಿ ಪೆಡಲ್ ಬಿಚ್ಚವಲ್ತು" ಎಂದ ಅಣ್ಣ. "ಒಂದ ಕೈ ನೋಡ್ರಿ. ಬರಲಿಲ್ಲಂದ್ರ ಇಲ್ಲೇ ಬಿಟ್ಟ ಹೋಗ್ತೇವಿ. ಗುಜರಿಯಾಂವ ಬಂದಾಗ ಹಾಕಿಬಿಡ್ರಿ."

"ಗುಜರಿಗಿ ಹಾಕಾಕ ತಂದಿಲ್ರಿ ಕಾಕಾ" ಎಂದಳು ತಂಗಿ. "ರಿಪೇರಿಗಿ ತಂದೇನಿ."

ನಾನು ಬಗ್ಗಿ ನೋಡಿದೆ. ಪೆಡಲ್ ಎನ್ನುವುದು ಅಲ್ಲಿ ಇರಲೇ ಇಲ್ಲ. ಅದರ ತಗಡು, ರಬ್ಬರು ಎಲ್ಲ ಕಿತ್ತುಹೋಗಿ ನಡುವಿನ ಕಡ್ಡಿ ಮಾತ್ರ ಮೊಂಡಾಗಿ ಹೊರಗೆ ಚಾಚಿಕೊಂಡಿತ್ತು. ಪಾನಾ ಕೂರಲು ಕಡ್ಡಿಯ ಬುಡದಲ್ಲಿ ಎರಡು ಚಪ್ಪಟೆ ಮೈ ಇರುತ್ತವೆ. ಅವನ್ನು ಯಾರೋ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದರು. ಯಾರು ಎಂದು ಕೇಳಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜು ಎಂದ. ಯಾವ ಕಡೆ ತಿರುಗಿಸಿದರು ಎಂದು ಕೇಳಿದೆ. ಅವನು ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದ. ಬಿಗಿಯುವ ಕಡೆ. ಇಬ್ಬರು ಗಟ್ಟಿಮುಟ್ಟು ಹುಡುಗರು ಪೈಪಿಗೆ ಜೋತುಬಿದ್ದು, ಬಿಚ್ಚಬೇಕಾದ್ದನ್ನು ಇನ್ನಷ್ಟು ಜಡಿದಿದ್ದರು. ಕಡ್ಡಿ ಮುರಿಯದೆ ಉಳಿದದ್ದೇ ಹೆಚ್ಚು. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಬೇರೆ ಸೈಕಲ್ ಆಗಿದ್ದರೆ ಕ್ರ್ಯಾಂಕನ್ನೇ ಬಿಸಾಕಿ ಹೊಸದು ಹಾಕುತ್ತಿದ್ದೆ. ಕ್ರ್ಯಾಂಕ್ ಎಂದರೆ ಪೆಡಲ್ ಕೂರುವ ಕಬ್ಬಿಣದ ತೋಳು, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಈ ತೋಳು ಅಂಗಡಿಯದಲ್ಲ. ನಡುವೆ ಕತ್ತರಿಸಿ, ಒಂದಿಷ್ಟು ತುಂಡು ತೆಗೆದು, ಮತ್ತೆ ಬೆಸೆದ ಗಿಡ್ಡ ತೋಳು. ಬೆಸೆಯುವಾಗ ಅಷ್ಟೇ ಅಷ್ಟು ಓರೆ ಮಾಡಿದ್ದಾರೆ, ಆಕೆಯ ಪಾದ ತಿರುಚಿಕೊಳ್ಳದೆ ಸಪಾಟಾಗಿ ಕೂರಲಿ ಎಂದು. ಬಸವನ ಬಾಗೇವಾಡಿಯ ಒಬ್ಬ ವೆಲ್ಡರು ಆಕೆಯನ್ನು ಸೈಕಲ್ ಮೇಲೆ ಕೂರಿಸಿ, ಇಳಿಸಿ, ಮತ್ತೆ ಕೂರಿಸಿ ಮಾಡಿಕೊಟ್ಟಿದ್ದನಂತೆ. ಆತ ಈಗ ಇಲ್ಲ.

ಅಣ್ಣನೂ ಸುಮ್ಮನೆ ಗುಜರಿ ಎನ್ನುತ್ತಿರಲಿಲ್ಲ. ಹಿಂದೊಮ್ಮೆ ತಂಗಿಗೆಂದು ಹೊಸ ಸೈಕಲ್ ತಂದು, ಮುದ್ದೇಬಿಹಾಳದಲ್ಲಿ ಅದರ ತೋಳನ್ನೂ ಹೀಗೆಯೇ ಕತ್ತರಿಸಿ ಬೆಸೆಸಿದ್ದ. ಆ ಬೆಸುಗೆ ನಡುದಾರಿಯಲ್ಲಿ ಮುರಿದು ಆಕೆ ಬಿದ್ದಳು. ಗದ್ದದ ಮೇಲೆ ಗಾಯದ ಗೆರೆ ಇನ್ನೂ ಇದೆ. ಅಂದಿನಿಂದ ಅವನಿಗೆ ಭಯ.

"ಇನ್ನ ಸೈಕಲ್ ಸಾಕ್ರಿ" ಎಂದ ನನ್ನ ಕಡೆ ತಿರುಗಿ. "ಆಕಿ ಮನ್ಯಾಗ ಕುಂತು ರೊಟ್ಟಿ ಬಡೀಲಿ. ನಾ ಮೋಟಾರ್ ಸೈಕಲ್ ಮ್ಯಾಲ ಒಯ್ದು ಕೊಡ್ತೇನಿ. ಏನ ಕಮ್ಮಿ ಆಕ್ಕೈತಿ ಹೇಳ್ರಿ?"

ತಂಗಿ ಅವನಿಗೆ ಬೆನ್ನು ಮಾಡಿ ನಿಂತಳು. ನನ್ನನ್ನು ಕೇಳಿದಳು: "ಆಕ್ಕೈತೇನ್ರಿ ಕಾಕಾ?"

ನೋಡೋಣ ಎಂದೆ. ತೋಳಿಗೆ ಧಕ್ಕೆಯಾಗದೆ ಈ ಮೊಂಡು ಕಡ್ಡಿ ಹೊರಗೆ ಬಂದರೆ ಆಕೆ ರಸ್ತೆಗೆ ಬರುತ್ತಾಳೆ, ಬರದಿದ್ದರೆ ಮನೆಯಲ್ಲಿ ಕೂರುತ್ತಾಳೆ. ಕೂತು ತಿನ್ನುವ ಸುಖ ಏನೆಂದು ಆಕೆಯ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮೊದಲು ತುಕ್ಕನ್ನು ಕೆರೆದೆ. ಮಳೆಯ ತುಕ್ಕು ಹೇಗಿರುತ್ತದೆ, ಗೊಬ್ಬರದ ಚೀಲ ಹೇರಿದ ಸೈಕಲ್ಲಿನ ತುಕ್ಕು ಹೇಗಿರುತ್ತದೆ, ನನಗೆ ಗೊತ್ತು. ಇದು ಎರಡೂ ಅಲ್ಲ. ಬಲಗಡೆಯ ಪೆಡಲ್ ಕಟ್ಟುಮಸ್ತಾಗಿದೆ, ಎಡಗಡೆಯದು ಮಾತ್ರ ಪದರು ಪದರಾಗಿ ಹಪ್ಪಳದಂತೆ ಏಳುತ್ತಿದೆ, ನಡುನಡುವೆ ಬಿಳಿ ಪೊರೆ ಬೇರೆ.

"ಏನ ಹಾಕೀರಿ ಇದಕ್ಕ?"

"ಏನೂ ಹಾಕಿಲ್ರಿ" ಎಂದಳು ಆಕೆ. "ಅಮಾಸಿಗೊಮ್ಮಿ ಪೂಜಿ ಮಾಡ್ತೇನಿ, ಅಷ್ಟ. ತೊಳದು, ಇಬತ್ತಿ ಹಚ್ಚಿ, ಕಾಯಿ ಒಡದು ನೀರ ಹಾಕ್ತೇನಿ."

"ಎಲ್ಲಿ ಹಾಕ್ತಿ?"

"ಆ ಪೆಡಲ್ಲಿಗೇ ಹಾಕ್ತೇನ್ರಿ. ನಿಂಬಿಹಣ್ಣೂ ಅದಕ್ಕ ಹಿಂಡ್ತೇನಿ."

"ಬಲಗಡಿದಕ್ಕ ಯಾಕ ಹಾಕಲಿಲ್ಲ?"

"ಬಲಗಡಿದು ಎಲ್ಲಾರ ಸೈಕಲ್ಲಿಗೂ ಇರತೈತ್ರಿ. ಎಡಗಡಿದು ನನಗಂತನ ಮಾಡಿದ್ದು."

ನಾನು ಕೆಳಗೆ ಕೂತುಬಿಟ್ಟೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಲಾರಿ, ಟ್ರ್ಯಾಕ್ಟರು, ಬೋರ್ ಕೊರೆಯುವ ಗಾಡಿ, ಹಿಟ್ಟಿನ ಗಿರಣಿ, ಯಾವುದಕ್ಕೂ ಕಾಯಿ ನೀರು ತಪ್ಪಿದ್ದಲ್ಲ. ಮಾಡಲಿ, ನನ್ನದೇನು ತಕರಾರಿಲ್ಲ. ಆದರೆ ಲಾರಿಯ ಗಾಲಿಗೆ ಎರಚಿದ ನೀರು ಗಾಲಿ ತಿರುಗಿದರೆ ಹಾರಿಹೋಗುತ್ತದೆ. ಪೆಡಲಿನ ಬುಡದಲ್ಲಿ ಹಾಕಿದ್ದು ತಿರುಪಿನ ಸಂದಿಗೆ ಇಳಿದು ಅಲ್ಲೇ ಕೂರುತ್ತದೆ. ಕಾಯಿ ನೀರಲ್ಲಿ ಉಪ್ಪೂ ಇದೆ, ಸಕ್ಕರೆಯೂ ಇದೆ. ಸಾಲದ್ದಕ್ಕೆ ನಿಂಬೆಹಣ್ಣಿನ ಹುಳಿ. ಒಳ್ಳೆಯ ಮನಸ್ಸಿನಿಂದ, ಒಂದು ಅಮಾವಾಸ್ಯೆಯನ್ನೂ ತಪ್ಪಿಸದೆ, ತನಗೆ ಎಲ್ಲಕ್ಕಿಂತ ಬೇಕಾದದ್ದನ್ನೇ ಹುಡುಕಿ ಕೊಳೆಸಿದ್ದಳು.

"ಒಂದ ಹನಿ ಎಣ್ಣಿ ಹಾಕಬಾರದೇನ ಯವ್ವಾ ಇದಕ್ಕ?" ಎಂದು ಕೇಳಿದೆ. ದನಿ ಏರಿತ್ತು.

"ಎಣ್ಣಿ ನಾ ಹಾಕೇನಲ್ರಿ" ಎಂದು ಅಣ್ಣ ಮುಂದೆ ಬಂದ, ಶಭಾಸ್ ಅನ್ನಿಸಿಕೊಳ್ಳುವವನ ಹಾಗೆ. "ಬಿಚ್ಚವಲ್ತು ಅಂತಂದ ಮ್ಯಾಲ ವಾರಗಟ್ಲೆ ಬಿಸಲಾಗಿಟ್ಟು ಹಾಕೇನಿ. ಅಂಗಡಿದಲ್ರಿ, ನಮ್ಮ ಹೊಲದ್ದ ಕುಸುಬಿ, ಗಾಣಕ್ಕ ಹಾಕಿ ತಂದದ್ದು."

ಕುಸುಬೆ ಎಣ್ಣೆ ಅಡುಗೆಗೆ ಬಂಗಾರ. ಕಬ್ಬಿಣಕ್ಕೆ ಹಚ್ಚಿ ಬಿಸಿಲಿಗೆ ಇಟ್ಟರೆ ಮಾತ್ರ ಅದು ಒಣಗಿ ವಾರ್ನಿಷ್ ಆಗುತ್ತದೆ. ಬಿಚ್ಚಬೇಕಾದ ಜಾಗಕ್ಕೆ ಇವನು ಅಂಟು ಹಾಕಿ ಒಣಗಿಸಿದ್ದಾನೆ. ಕಾಯಿ ನೀರು ತಂಗಿಯದು, ಅಂಟು ಅಣ್ಣನದು, ಉಲ್ಟಾ ಜಗ್ಗಿದ್ದು ಗ್ಯಾರೇಜಿನವರದು. ವೈರಿಗಳು ಕೂಡಿ ಮಸಲತ್ತು ಮಾಡಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಇಬ್ಬರಿಗೂ ಬೈದೆ. ಅಣ್ಣ ಮುಖ ಊದಿಸಿಕೊಂಡು ಹೋದ, ತಂಗಿ ಸೈಕಲ್ಲಿನ ಸೀಟಿನ ಮೇಲೆ ಒಮ್ಮೆ ಕೈ ಆಡಿಸಿ ಅವನ ಹಿಂದೆ ಹೋದಳು.

ಕೆಲಸ ಶುರು ಮಾಡಿದೆ. ತೋಳನ್ನು ಅಚ್ಚಿಗೆ ಹಿಡಿದಿಟ್ಟ ಪಿನ್ನು ಹೆಚ್ಚು ಸತಾಯಿಸದೆ ಬಂತು. ತೋಳನ್ನು ವೈಸಿಗೆ ಕಚ್ಚಿಸಿದೆ. ಇಲ್ಲೇ ಮೊದಲ ತೊಡಕು. ಸಾಮಾನ್ಯವಾಗಿ ಮೊಂಡು ಕಡ್ಡಿಯನ್ನೇ ವೈಸಿನಲ್ಲಿ ಹಿಡಿದು ತೋಳನ್ನು ತಿರುಗಿಸಿದರೆ ಸುಲಭ, ತೋಳೇ ಹಿಡಿಕೆಯಾಗಿ ಬಲ ಸಿಗುತ್ತದೆ. ಇದರಲ್ಲಿ ಹಾಗೆ ಮಾಡಿದರೆ ಬಲವೆಲ್ಲ ನಡುವಿನ ಬೆಸುಗೆಯ ಮೇಲೆ ಬೀಳುತ್ತದೆ. ಅದಕ್ಕೆ ಪೆಡಲ್ ಕೂರುವ ತುದಿಯನ್ನು, ಅದರ ಕಣ್ಣು ಎನ್ನುತ್ತೇವೆ, ಅದನ್ನಷ್ಟೇ ತಾಮ್ರದ ತಗಡು ಸುತ್ತಿ ಹಿಡಿದೆ. ಬೆಸುಗೆ ದವಡೆಯಿಂದ ಹೊರಗೆ ಉಳಿಯಿತು.

ಒಣಗಿದ ಎಣ್ಣೆಗೆ ಡೀಸೆಲ್ ಏನೂ ಮಾಡಲಿಲ್ಲ. ಪೇಂಟರ್ ಹತ್ತಿರ ಥಿನ್ನರ್ ತಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಕಂದು ಬಣ್ಣದ ಗೋಂದು ಬಿಟ್ಟುಕೊಂಡಿತು. ಆಮೇಲೆ ಡೀಸೆಲ್ಲಿಗೆ ಸ್ವಲ್ಪ ಥಿನ್ನರ್ ಸೇರಿಸಿ ಎರಡೂ ಮಗ್ಗುಲಿಂದ ಹನಿ ಹನಿಯಾಗಿ ಬಿಟ್ಟೆ. ಹೊರಗಿನಿಂದ ಮಾತ್ರ ಬಿಟ್ಟರೆ ಸಾಲದು, ಕಡ್ಡಿಯ ತುದಿ ಒಳಮಗ್ಗುಲಲ್ಲಿ ಕಾಣುತ್ತದೆ, ಅಲ್ಲಿಂದಲೂ ಇಳಿಯಬೇಕು. ಅದು ನೆನೆಯುವಷ್ಟರಲ್ಲಿ ಅರ ಹಿಡಿದು ದುಂಡಗಾದ ಬುಡಕ್ಕೆ ಹೊಸ ಚಪ್ಪಟೆ ಮೈ ಮಾಡಿದೆ, ಪಾನಾ ಸಡಿಲ ಬಿಡದೆ ಕೂರುವಷ್ಟು.

ಮರುದಿನ ಪಾನಾ ಹಾಕಿ ಸರಿಯಾದ ಕಡೆಗೆ ಭಾರ ಕೊಟ್ಟೆ. ಅಲುಗಾಡಲಿಲ್ಲ. ಇನ್ನೊಂದಿಷ್ಟು ಕೊಟ್ಟೆ. ಪಾನಾ ಜಾರಿ ನನ್ನ ಬೆರಳ ಗೆಣ್ಣುಗಳು ವೈಸಿನ ಅಂಚಿಗೆ ಬಡಿದು ಚರ್ಮ ಸುಲಿಯಿತು. ಮಾಡಿದ ಚಪ್ಪಟೆ ಮೈ ಅರ್ಧ ಹಾಳು. ಇನ್ನೊಮ್ಮೆ ಅರ ಹಾಕಬಹುದು, ಅದಾದ ಮೇಲೆ ಹಿಡಿಯಲು ಕಬ್ಬಿಣವೇ ಉಳಿಯುವುದಿಲ್ಲ.

ಕೈಗೆ ಬಟ್ಟೆ ಸುತ್ತಿಕೊಂಡು ಊಟಕ್ಕೆ ಖಾನಾವಳಿಗೆ ಹೋದೆ. ತಟ್ಟೆಯಲ್ಲಿ ರೊಟ್ಟಿಯ ಚೂರುಗಳು ಬಂದವು. ಇಡೀ ರೊಟ್ಟಿ ಇಲ್ಲವೇ ಎಂದೆ.

"ಎಲ್ಲಿಂದ ತರ್ಲಿ?" ಎಂದ ಖಾನಾವಳಿಯವನು. "ಆಕಿ ತರುವಾಗ ಒಂದ ಅಂಚ ಮುರೀತಿರಲಿಲ್ಲ. ಈಗ ಅವರಣ್ಣ ಮೋಟಾರ್ ಸೈಕಲ್ಲಿಗಿ ಬಿಗದು ಕಟ್ಟಿ ಹಾರಿಸ್ಕೋತ ಬರ್ತಾನ. ಹಿಂಗ ನಡದ್ರ ನಾ ಬ್ಯಾರೆ ಕಡಿ ತರಸ್ತೇನಿ ಅಂತ ಹೇಳೇನಿ."

ಆ ಚೂರುಗಳನ್ನು ಎಣಗಾಯಿಯಲ್ಲಿ ಅದ್ದಿ ತಿನ್ನುತ್ತ ನನಗೆ ಮತ್ತೆ ಸಿಟ್ಟು ಬಂತು. ಏನು ಕಮ್ಮಿ ಆಗುತ್ತದೆ ಎಂದು ಕೇಳಿದ್ದನಲ್ಲ, ಇದು ಕಮ್ಮಿ ಆಗುತ್ತದೆ. ಮನೆಯಲ್ಲಿ ಕೂರಿಸಿದ ಮೇಲೆ ಬಡಿಯುವ ಕೆಲಸವೂ ಹೋಗುತ್ತದೆ.

ಸಂಜೆ ಅಣ್ಣ ಬಂದ. ಕಡ್ಡಿ ಇನ್ನೂ ಅಲ್ಲೇ ಇರುವುದು ನೋಡಿ, "ಡ್ರಿಲ್ ಹೊಡದು ತಗೀರಲ್ಲ, ಅದೇನ ದೊಡ್ಡ ಮಾತು" ಎಂದ.

ಡ್ರಿಲ್ ಹೊಡೆದರೆ ಕಡ್ಡಿ ಬರುವುದು ನಿಜ. ಆದರೆ ಅದರ ಜೊತೆ ಕಣ್ಣಿನೊಳಗಿನ ತಿರುಪೂ ಹೋದರೆ, ಮತ್ತೆ ಕೊರೆಯಲು ಉಲ್ಟಾ ತಿರುಪಿನ ಟ್ಯಾಪ್ ಎಂಬ ಹತಾರವೇ ಬೇಕು. ಅದಕ್ಕಾಗಿ ಇಂಡಿಗೆ ಫೋನ್ ಹಚ್ಚಿದ್ದೆ, ಮುದ್ದೇಬಿಹಾಳಕ್ಕೆ ಹಚ್ಚಿದ್ದೆ. ಇಂಡಿಯವನು ಅಂಥದೊಂದು ಇರುತ್ತದೆಯೇ ಎಂದು ನನ್ನನ್ನೇ ಕೇಳಿದ. ಉಳಿದದ್ದು ಕಾಯಿಸುವುದೊಂದೇ. ಕಬ್ಬಿಣ ಕಾದರೆ ಹಿಗ್ಗುತ್ತದೆ, ಕಣ್ಣು ಹಿಗ್ಗಿದರೆ ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಆದರೆ ನಮ್ಮ ಓಣಿಯ ಗ್ಯಾಸ್ ವೆಲ್ಡರ್ ಉರಿ ಹಚ್ಚಿದರೆ ಕಣ್ಣು, ಬೆಸುಗೆ, ತೋಳು ಎಲ್ಲ ಒಟ್ಟಿಗೆ ಕೆಂಪಾಗುತ್ತದೆ. ಅವನಿಗೆ ಸಣ್ಣ ಉರಿ ಎನ್ನುವುದೇ ಗೊತ್ತಿಲ್ಲ.

ಆ ಸಂಜೆ ಏನೂ ಮಾಡಬಾರದು ಎಂದು ನಿರ್ಧರಿಸಿದೆ. ಸಿಟ್ಟಿನಲ್ಲಿ ಹಿಡಿದ ಪಾನಾ ಯಾವತ್ತೂ ಜಾರುತ್ತದೆ. ಡೀಸೆಲ್ ಹನಿ ಬಿಟ್ಟು ಬಾಗಿಲು ಹಾಕುವಾಗ ಎದುರಿನ ಅಂಗಡಿಯಲ್ಲಿ ಬಂಗಾರದ ಕೆಲಸದ ಪತ್ತಾರ ಕಿವಿಯೋಲೆಗೆ ಬೆಸುಗೆ ಹಾಕುತ್ತಿದ್ದ. ಹರಳಿನ ಪಕ್ಕದಲ್ಲೇ ಉರಿ ಆಡುತ್ತಿದೆ, ಹರಳಿಗೆ ತಾಗುತ್ತಿಲ್ಲ. ನಿಂತು ನೋಡಿದೆ. ಬೇಕಾದದ್ದು ಎದುರಿಗೇ ಇತ್ತು.

"ನಿನ್ನ ಗನ್ ತಗೊಂಡ ನಾಳೆ ನನ್ನ ಅಂಗಡಿಗಿ ಬಾ" ಎಂದೆ.

"ಬಂಗಾರ ಕಾಸೂ ಗನ್ನಲೆ ಸೈಕಲ್ ಕಾಸಬೇಕೇನೋ ಮಿಸ್ತ್ರಿ?" ಎಂದು ನಕ್ಕ. ವಿಷಯ ಹೇಳಿದೆ. ಆಕೆ ಅವನ ಮನೆಗೂ ರೊಟ್ಟಿ ಕೊಡುತ್ತಿದ್ದಳಂತೆ. ಬರ್ತೇನಿ ಎಂದ.

ಮರುದಿನ ಶುಕ್ರವಾರ. ನಾನು ನಮಾಜ್ ಮುಗಿಸಿ ಬರುವಷ್ಟರಲ್ಲಿ ಪತ್ತಾರ ತನ್ನ ಪುಟ್ಟ ಸಿಲಿಂಡರ್ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಡೀಸೆಲ್ಲು, ಥಿನ್ನರು ಉಳಿದರೆ ಬೆಂಕಿ ಹತ್ತುತ್ತದೆಂದು ಎಲ್ಲವನ್ನೂ ಒರೆಸಿ ಒಣಗಿಸಿದೆ. ಅರದಿಂದ ಕೊನೆಯ ಸಲ ಚಪ್ಪಟೆ ಮೈ ಮಾಡಿದೆ. ಬೆಸುಗೆಯ ಮೇಲೆ ನೆನೆದ ಗೋಣಿತಟ್ಟು ಸುತ್ತಿದೆ. ಅವನು ಉರಿಯನ್ನು ಸೂಜಿಯಷ್ಟು ಮಾಡಿ ಕಣ್ಣಿನ ಸುತ್ತ ತಿರುಗಿಸತೊಡಗಿದ, ಕಡ್ಡಿಗೆ ತಾಗದಂತೆ. ಅಷ್ಟು ಕಬ್ಬಿಣ ಕಾಯಲು ಆ ಉರಿಗೆ ಬಹಳ ಹೊತ್ತು ಬೇಕಾಯಿತು. ನಾನು ಗೋಣಿತಟ್ಟಿನ ಮೇಲೆ ನೀರು ಹಾಕುತ್ತಲೇ ಇದ್ದೆ. ಕಬ್ಬಿಣದ ಬಣ್ಣ ಜೋಳದ ದಂಟಿನ ಹಳದಿಗೆ ತಿರುಗಿ ನೀಲಿಯಾಗುವಾಗ ಸಾಕು ಎಂದೆ. ಮೇಣದ ಬತ್ತಿಯನ್ನು ಸಂದಿಗೆ ತಾಗಿಸಿದೆ. ಮೇಣ ಕರಗಿ ಸರಸರ ಒಳಗೆ ಎಳೆದುಕೊಂಡು ಹೋಯಿತು. ಇಷ್ಟು ದಿನ ಡೀಸೆಲ್ ಹೋಗದ ಜಾಗಕ್ಕೆ ಅದು ಹೋಗುವುದನ್ನು ನೋಡಿ ಪತ್ತಾರ ನನ್ನ ಮುಖ ನೋಡಿದ.

ತಣ್ಣಗಾಗಲು ಬಿಟ್ಟು, ಮತ್ತೊಮ್ಮೆ ಕಾಯಿಸಿ, ಮತ್ತೆ ಮೇಣ ಕೊಟ್ಟೆ. ಪಾನಾ ಹಾಕಿದೆ. ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೇ ಒಂದು ಕೂದಲೆಳೆಯಷ್ಟು ಒತ್ತಿದೆ. ಹಿಡಿದ ತುಕ್ಕು ಒಮ್ಮೆ ಒಡೆದರೆ ಸಾಕು, ಯಾವ ಕಡೆ ಒಡೆಯಿತು ಎನ್ನುವುದು ಮುಖ್ಯವಲ್ಲ. ಆಮೇಲೆ ಬಿಚ್ಚುವ ಕಡೆ. ಮತ್ತೆ ಈ ಕಡೆ. ಮತ್ತೆ ಆ ಕಡೆ. ಹಳೆಯ ಬಾಗಿಲು ತೆರೆದ ಹಾಗೆ ಕಿರ್ ಎಂದಿತು. ಪಾನಾ ಜಾರಿತೇ ಎಂದು ಬಗ್ಗಿ ನೋಡಿದೆ. ಜಾರಿರಲಿಲ್ಲ, ಕಡ್ಡಿ ಹೊರಳಿತ್ತು.

ಆತುರ ಮಾಡಲಿಲ್ಲ. ಮುಂದಕ್ಕೆ ಒಂದಿಷ್ಟು, ಹಿಂದಕ್ಕೆ ಅದರ ಅರ್ಧ, ನಡುವೆ ಒಂದು ಹನಿ ಎಣ್ಣೆ. ಕೊನೆಗೆ ಕಡ್ಡಿ ಕೈಬೆರಳಿಗೆ ಬಂತು. ಅದರ ಹಿಂದೆ ಕೆಂಪು ಪುಡಿ ಉದುರಿತು. ಪತ್ತಾರ ಅದನ್ನು ಕಾಗದದ ಮೇಲೆ ಹಿಡಿದು, "ಇಷ್ಟೂ ಅಮಾಸಿ ಇಲ್ಲೇ ಅದಾವ ನೋಡು" ಎಂದ. ಟಾರ್ಚು ಹಚ್ಚಿ ಕಣ್ಣಿನೊಳಗೆ ನೋಡಿದೆ. ತಿರುಪು ಉಳಿದಿತ್ತು. ಹಳೆಯ ಇನ್ನೊಂದು ಎಡ ಪೆಡಲಿನ ಕಡ್ಡಿಗೆ ಗರಗಸದಿಂದ ಉದ್ದಕ್ಕೆ ಒಂದು ಗೀರು ಕೊಯ್ದು, ಅದನ್ನೇ ಮೆಲ್ಲಗೆ ತಿರುಗಿಸಿ ಒಳಗಿನ ಕೊಳೆ ತೆಗೆದೆ. ಟ್ಯಾಪ್ ಇಲ್ಲದವನ ಟ್ಯಾಪ್ ಅದು. ಬೆಸುಗೆಯನ್ನು ಭೂತಗನ್ನಡಿ ಇಟ್ಟು ನೋಡಿದೆ, ಕೂದಲಿನಷ್ಟೂ ಬಿರುಕಿಲ್ಲ. ಬಾಗೇವಾಡಿಯ ಆ ವೆಲ್ಡರನ್ನು ನಾನು ನೋಡಿಲ್ಲ, ಕೈಯೆತ್ತಿ ಒಂದು ಸಲಾಂ ಮಾಡಿದೆ.

ಗ್ರೀಸ್ ತುಂಬಿ ಹೊಸ ಪೆಡಲ್ ಕೂರಿಸಿ ಫೋನ್ ಮಾಡಿದೆ. ಮರುದಿನ ಆಕೆ ಒಬ್ಬಳೇ ಬಂದಳು, ಟಂಟಂನಲ್ಲಿ, ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು. ಸೈಕಲ್ ಆಗಿದೆಯೋ ಇಲ್ಲವೋ ನೋಡುವ ಮೊದಲೇ ಗಂಟನ್ನು ಕ್ಯಾರಿಯರಿಗೆ ಕಟ್ಟಿದಳು. ಅಷ್ಟರಲ್ಲಿ ಅಣ್ಣನ ಮೋಟಾರ್ ಸೈಕಲ್ ಬಂದು ನಿಂತಿತು.

"ಮತ್ತ ಬಿದ್ರ ಯಾರ ನೋಡ್ಬೇಕು?" ಎಂದ.

"ನೀ ಆ ಗಾಡಿ ಮ್ಯಾಲಿಂದ ಎಷ್ಟ ಸಲ ಬಿದ್ದಿ ಅಣ್ಣಾ?" ಎಂದು ಕೇಳಿದಳು ಗಂಟು ಬಿಗಿಯುತ್ತ. "ಒಮ್ಮೆರ ಅದನ್ನ ಗುಜರಿಗಿ ಹಾಕು ಅಂದೇನೇನು ನಾ?"

ಅವನು ಗಾಡಿಯಿಂದ ಇಳಿಯುವಷ್ಟರಲ್ಲಿ ಆಕೆ ಸೀರೆ ಎತ್ತಿ ಸಿಕ್ಕಿಸಿ ಹತ್ತಿದಳು. ಎಡಗಾಲು ಪೆಡಲಿನ ಮೇಲೆ ತಾನಾಗಿ ಕೂತಿತು. ಖಾನಾವಳಿಯ ಕಡೆ ತಿರುಗುವವರೆಗೂ ನಾವಿಬ್ಬರೂ ನೋಡುತ್ತ ನಿಂತೆವು. ಆಮೇಲೆ ಅವನು ನನ್ನ ಕಡೆ ನೋಡದೆ, "ಛಲೋ ಆಗೇತ್ರಿ" ಎಂದು ಗಾಡಿ ಚಾಲೂ ಮಾಡಿದ.

ವಾಪಸ್ ಬರುವಾಗ ಆಕೆಯನ್ನು ನಿಲ್ಲಿಸಿ, ವೈಸ್ ತೋರಿಸಿ ಕಡ್ಡಿ ಬಿಡಿಸಿದ್ದು ಹೇಗೆಂದು ಹೇಳಿ, ಭಾಷಣ ಬಿಗಿದೆ. ಕಾಯಿ ಒಡೆ, ಬೇಡ ಎನ್ನುವುದಿಲ್ಲ, ನೀರು ಮಾತ್ರ ಸೈಕಲ್ಲಿಗೆ ಬೇಡ. ನಿಂಬೆಹಣ್ಣು ಬೇಡ. ಕುಸುಬೆ ಎಣ್ಣೆಯಂತೂ ಬೇಡವೇ ಬೇಡ. ಮಶೀನ್ ಎಣ್ಣೆಯ ಸಣ್ಣ ಬಾಟಲಿ ಕೈಗೆ ಕೊಟ್ಟೆ. ಆಕೆ ಎಲ್ಲದಕ್ಕೂ "ಹೌದ್ರಿ ಕಾಕಾ" ಎಂದಳು.

ಅಮಾವಾಸ್ಯೆ ಬಂತು. ಬೆಳಿಗ್ಗೆ ಆಕೆ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ ಒಣ ಬಟ್ಟೆಯಿಂದ ಒರೆಸಿದಳು. ಎಡಗಡೆಯ ಪೆಡಲಿನ ಬುಡಕ್ಕೆ ಬಾಟಲಿಯಿಂದ ಒಂದು ಹನಿ ಎಣ್ಣೆ ಬಿಟ್ಟು, ನಾನು ನೋಡಿದೆನೋ ಇಲ್ಲವೋ ಎಂದು ತಿರುಗಿ ನೋಡಿದಳು. ನೋಡಿದೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ನನ್ನ ಮಾತು ಕೇಳಿದರಲ್ಲ ಎಂದು ಎದೆ ಉಬ್ಬಿತು. ಚಹಾ ತರಿಸಲು ಎದುರಿನ ಪತ್ತಾರನಿಗೆ ಕೈ ಮಾಡಿದೆ.

ತಿರುಗುವಷ್ಟರಲ್ಲಿ ಆಕೆ ಚೀಲದಿಂದ ಕಾಯಿ ತೆಗೆದು ನನ್ನ ಹೊಸ್ತಿಲಿಗೆ ಒಡೆದಿದ್ದಳು. ಎರಡೂ ಹೋಳು ಹಿಡಿದುಕೊಂಡು, ವಾಲುತ್ತ ವಾಲುತ್ತ ನೇರ ಮೇಜಿನ ಹತ್ತಿರ ಹೋಗಿ, ನಾನು ಬಾಯಿ ತೆರೆಯುವ ಮೊದಲು, ಅಪ್ಪನ ವೈಸಿನ ತಿರುಪಿನ ಮೇಲೆ ನೀರನ್ನು ಒಂದು ಹನಿ ಬಿಡದೆ ಸುರಿದಳು. ಕೈ ಮುಗಿದಳು.

"ಬಿಡಿಸಿದ್ದು ಇದ ಅಲ್ಲೇನ್ರಿ ಕಾಕಾ" ಎಂದಳು.

ಎದುರಿನ ಅಂಗಡಿಯಲ್ಲಿ ಪತ್ತಾರ ತಲೆ ತಗ್ಗಿಸಿಕೊಂಡ, ಅವನ ಭುಜ ಕುಣಿಯುತ್ತಿತ್ತು. ನನ್ನ ಬಾಯಲ್ಲಿ ಇದ್ದಬದ್ದ ಬೈಗುಳಗಳೆಲ್ಲ ಸಾಲಾಗಿ ಬಂದು ನಿಂತವು, ಒಂದೂ ಹೊರಗೆ ಬರಲಿಲ್ಲ. ಆಕೆ ಒಂದು ಹೋಳನ್ನು ನನ್ನ ಕೈಗಿಟ್ಟು, ಸೈಕಲ್ ಹತ್ತಿ ರೊಟ್ಟಿ ಕೊಡಲು ಹೋದಳು. ಕಾಯಿ ತಿನ್ನುತ್ತ ವೈಸನ್ನು ಪೂರ್ತಿ ಬಿಚ್ಚಿ, ತೊಳೆದು, ಒರೆಸಿ, ಗ್ರೀಸ್ ಹಚ್ಚಿ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಈಗ ಪ್ರತಿ ಅಮಾವಾಸ್ಯೆಯ ಹಿಂದಿನ ಸಂಜೆ ಅದರ ತಿರುಪಿಗೆ ದಪ್ಪಗೆ ಗ್ರೀಸ್ ಮೆತ್ತಿ ಬಾಗಿಲು ಹಾಕುತ್ತೇನೆ, ಬೆಳಿಗ್ಗೆ ಆಕೆ ಬರುತ್ತಾಳೆ.